ಮೆರಿಟ್ ಸ್ಕಾಲರ್‌ಶಿಪ್ ಅಂತ ಹೇಳು

ನಮ್ಮ ಮನೆಯಲ್ಲಿ ಆ ದುಡ್ಡಿಗೆ ಒಂದು ಹೆಸರಿತ್ತು. ಮೆರಿಟ್ ಸ್ಕಾಲರ್‌ಶಿಪ್. ಊರಲ್ಲಿ ಯಾರು ಕೇಳಿದರೂ ಅಪ್ಪ ಹಾಗೇ ಹೇಳುತ್ತಿದ್ದ. "ಹುಡುಗಿಗೆ ಮೆರಿಟ್ ಸ್ಕಾಲರ್‌ಶಿಪ್ ಬಂದೈತಿ."

ಅದೇನು ಪೂರ್ತಿ ಸುಳ್ಳಲ್ಲ. ಯೋಜನೆಯ ಹೆಸರೇ ಮೆರಿಟ್ ಕಮ್ ಮೀನ್ಸ್ ಸ್ಕಾಲರ್‌ಶಿಪ್. ಕೇಂದ್ರ ಸರ್ಕಾರದ ಅಲ್ಪಸಂಖ್ಯಾತರ ಸಚಿವಾಲಯ 2007ರಲ್ಲಿ ಶುರು ಮಾಡಿದ್ದು. ಇಂಜಿನಿಯರಿಂಗ್, ಮೆಡಿಕಲ್, ಎಂಬಿಎ ತರಹದ ಕೋರ್ಸು ಓದುವವರಿಗೆ. ಆ ಹೆಸರಿನಲ್ಲಿ ಅಪ್ಪ ಮೊದಲ ಪದವನ್ನು ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದ್ದ. ಮೀನ್ಸ್ ಅಂದರೆ ಮನೆಯ ಆದಾಯ ನೋಡಿ ಕೊಡುವುದು ಅಂತ. ಅಂದರೆ ಬಡತನ. ಅದನ್ನು ಯಾರು ಊರ ತುಂಬ ಹೇಳಿಕೊಂಡು ತಿರುಗುತ್ತಾರೆ? ಅಲ್ಪಸಂಖ್ಯಾತ ಅನ್ನುವ ಮಾತಂತೂ ನಮ್ಮ ಕಟ್ಟೆಯ ಮೇಲೆ ಯಾವತ್ತೂ ಬರಲಿಲ್ಲ.

ಇನ್ನು ಮೆರಿಟ್ ಎಷ್ಟು ಬೇಕಿತ್ತು ಅಂದರೆ, ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ. ಅಷ್ಟೇ.

ನಾವು ಬೆಳಗಾವಿ ಜಿಲ್ಲೆಯ ಜೈನರು. ಅಥಣಿ ತಾಲೂಕಿನ ಕಡೆಯವರು. ಜೈನರು ಅಂದ ಕೂಡಲೇ ಬೇರೆ ಊರಿನವರಿಗೆ ಬಂಗಾರದ ಅಂಗಡಿ, ಬಟ್ಟೆ ಅಂಗಡಿ, ಬಡ್ಡಿ ವ್ಯವಹಾರ ನೆನಪಾಗುತ್ತದೆ. ಬೆಂಗಳೂರಿನಲ್ಲಿ ನನ್ನ ಆಫೀಸಿನವರು ಇವತ್ತಿಗೂ "ನೀವು ಮಾರ್ವಾಡಿನಾ?" ಅಂತ ಕೇಳುತ್ತಾರೆ. ಕರ್ನಾಟಕದಲ್ಲಿ ಅತಿ ಹೆಚ್ಚು ಜೈನರಿರುವುದು ಬೆಳಗಾವಿ ಜಿಲ್ಲೆಯಲ್ಲಿ. ಅವರಲ್ಲಿ ಬಹಳ ಮಂದಿ ಮಣ್ಣಿನಲ್ಲಿ ಕೈ ಆಡಿಸುವವರೇ. ಕಬ್ಬು, ಸೋಯಾ, ಜೋಳ. ನಮ್ಮಪ್ಪನ ಪಾಲಿಗೆ ಬಂದದ್ದು ಮೂರೂವರೆ ಎಕರೆ. ಅದರಲ್ಲಿ ಎರಡು ಎಕರೆ ಕಬ್ಬು.

ನಾನು ಎರಡನೇ ಪಿಯುಸಿಯಲ್ಲಿದ್ದ ವರ್ಷ ಕಬ್ಬಿನ ವರ್ಷವೇ ಸರಿ ಇರಲಿಲ್ಲ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ಸೌಧದಲ್ಲಿ ಅಧಿವೇಶನ ನಡೆದಿತ್ತು. ಹೊರಗೆ ಕಬ್ಬಿನ ದರಕ್ಕಾಗಿ ರೈತರ ಪ್ರತಿಭಟನೆ. ಅಲ್ಲೇ ಒಬ್ಬ ರೈತ ವಿಷ ಕುಡಿದು ಸತ್ತ. ಆ ದಿನ ಅಪ್ಪ ಟಿವಿ ಮುಂದೆ ಕೂತವನು ಊಟಕ್ಕೆ ಏಳಲಿಲ್ಲ. ನಮ್ಮ ಕಬ್ಬು ಕಾರ್ಖಾನೆಗೆ ಹೋಗಿತ್ತು, ದುಡ್ಡು ಬಂದಿರಲಿಲ್ಲ. "ಮುಂದಿನ ತಿಂಗಳು" ಅನ್ನುತ್ತಿದ್ದರು. ಆ ಮುಂದಿನ ತಿಂಗಳು ಎಷ್ಟು ತಿಂಗಳು ಮುಂದೆ ಹೋಯಿತು ಅಂದರೆ, ನಾನು ಸಿಇಟಿ ಬರೆದು, ಬೆಳಗಾವಿಯ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಹಿಡಿದು, ಫೀಸು ತುಂಬುವ ಕೊನೆಯ ದಿನ ಬಂದರೂ ಬಿಲ್ಲು ಬಂದಿರಲಿಲ್ಲ. ಅವ್ವನ ಬೋರಮಳ ಸರ ಅಡ ಇಟ್ಟು ಫೀಸು ತುಂಬಿದೆವು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮಗೆ ದುಡ್ಡಿನ ಅಡಚಣೆ ಇದ್ದದ್ದು ನಿಜ. ಆದರೆ ಆ ಅಡಚಣೆ ಬಂದದ್ದು ನಾವು ಜೈನರು ಅಂತ ಅಲ್ಲ. ಬಂದದ್ದು ಕಬ್ಬಿನಿಂದ. ಪಕ್ಕದ ಹೊಲದವರಿಗೂ ಅದೇ ಕಾರ್ಖಾನೆಯಿಂದ ಅಷ್ಟೇ ಬಾಕಿ ಇತ್ತು. ಅವರು ಜೈನರಲ್ಲ.

ಅದೇ 2014ರ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತರ ಪಟ್ಟಿಗೆ ಸೇರಿಸಿತು. 1993ರ ಪಟ್ಟಿಯಲ್ಲಿ ಮುಸ್ಲಿಮರು, ಕ್ರೈಸ್ತರು, ಸಿಖ್ಖರು, ಬೌದ್ಧರು, ಪಾರ್ಸಿಗಳು ಇದ್ದರು. ನಾವು ಆರನೆಯವರಾದೆವು. ಇದು ಬಹಳ ಹಳೆಯ ಬೇಡಿಕೆ. ಸುಪ್ರೀಂ ಕೋರ್ಟಿಗೂ ಹೋಗಿ, 2005ರಲ್ಲಿ ಅಲ್ಲಿ ಆಗದೆ ವಾಪಸ್ ಬಂದಿತ್ತು. ನಮ್ಮವರಲ್ಲೇ ಇದು ಬೇಡ ಅಂದವರೂ ಇದ್ದರು. ಆದರೆ ಆ ದಿನ ನಮ್ಮೂರ ಬಸ್ತಿಯಲ್ಲಿ, ಅಂದರೆ ಜಿನಮಂದಿರದಲ್ಲಿ, ಪೇಢೆ ಹಂಚಿದರು.

ಆಯಿ, ಅಂದರೆ ನಮ್ಮ ಅಜ್ಜಿ, ಪೇಢೆ ಕೈಯಲ್ಲಿ ಹಿಡಿದುಕೊಂಡು ಕೇಳಿದಳು. "ಏನಾತು?"

"ನಾವು ಅಲ್ಪಸಂಖ್ಯಾತರಂತ ಆದ್ವಿ ಆಯಿ. ಅಂದ್ರ ನಾವು ಕಡಿಮಿ ಮಂದಿ ಅದೀವಿ ಅಂತ ಸರ್ಕಾರ ಒಪ್ಕೊಂಡೈತಿ."

"ಕಡಿಮಿ ಆದ್ರ ಪೇಢೆ ಯಾಕ ಹಂಚತೀರಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಅದು ನನಗೂ ಹೊಸ ಪದವೇ. ಶ್ರವಣಬೆಳಗೊಳದ ಗೊಮ್ಮಟ ನಮ್ಮವನು, ಪಂಪ, ರನ್ನ ನಮ್ಮವರು ಅಂತ ಕೇಳಿಕೊಂಡು ಬೆಳೆದ ಹುಡುಗಿ ನಾನು. ಕನ್ನಡದ ಪುಸ್ತಕ ತೆಗೆದರೆ ಮೊದಲ ಪಾಠವೇ ನಮ್ಮವರದ್ದು. ನಾವು ಕಡಿಮೆ ಇದ್ದೇವೆ ಅಂತ ಅನಿಸಿದ್ದೇ ಇಲ್ಲ. 2011ರ ಜನಗಣತಿ ಪ್ರಕಾರ ದೇಶದಲ್ಲಿ ನಾವು ಸುಮಾರು 44.5 ಲಕ್ಷ, ನೂರಕ್ಕೆ ಅರ್ಧ ಜನವೂ ಇಲ್ಲ ಅಂತ ಗೊತ್ತಾಗಿದ್ದೇ ಆಮೇಲೆ.

ಸ್ಕಾಲರ್‌ಶಿಪ್ ವಿಷಯ ಹೇಳಿದವಳು ನನ್ನ ಹಾಸ್ಟೆಲ್ ರೂಮ್‌ಮೇಟ್. ನಿಪ್ಪಾಣಿಯವಳು, ಮುಸ್ಲಿಂ ಹುಡುಗಿ. ಅವಳ ತಾಯಿ ಬೀಡಿ ಕಟ್ಟುತ್ತಿದ್ದರು. ಅವಳ ಮನೆಗೆ ಹೋದಾಗ ನೋಡಿದ್ದೇನೆ. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ ಮತ್ತು ತಂಬಾಕು. ನಮ್ಮ ಜೊತೆ ಮಾತಾಡುತ್ತಲೇ ಬೆರಳು ತಮ್ಮ ಪಾಡಿಗೆ ತಾವು ಸುತ್ತುತ್ತಿದ್ದವು. ಅವರ ಎರಡೂ ಕೈಯ ಬೆರಳ ತುದಿ ಹಳದಿ.

ಇವಳು ಸ್ಕಾಲರ್‌ಶಿಪ್ ವ್ಯವಹಾರದಲ್ಲಿ ಪಳಗಿದವಳು. ಮೆಟ್ರಿಕ್ ಪೂರ್ವ ಸ್ಕಾಲರ್‌ಶಿಪ್ 2008ರಲ್ಲಿ ಬಂದಾಗ ಅವಳು ಏಳನೇ ಕ್ಲಾಸು. ಆಗಿನಿಂದ ಪ್ರತಿ ವರ್ಷ ಫೋಟೋ, ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಝೆರಾಕ್ಸ್ ಅಂತ ಒಂದು ಪ್ಲಾಸ್ಟಿಕ್ ಫೈಲು ಇಟ್ಟುಕೊಂಡಿದ್ದಳು. ಆ ಫೈಲನ್ನು ಬಟ್ಟೆಗಿಂತ ಜೋಪಾನವಾಗಿ ನೋಡಿಕೊಳ್ಳುತ್ತಿದ್ದಳು.

"ಈ ವರ್ಷದಿಂದ ಲಿಸ್ಟಿನ್ಯಾಗ ನಿಮ್ದೂ ಹೆಸರು ಐತಿ ಲೇ. ಜೈನ್ ಅಂತ. ಯಾಕ ಬಿಡ್ತಿ?" ಅಂದಳು.

"ನಂಗ ಬ್ಯಾಡ" ಅಂದೆ.

"ಯಾಕ?"

ಯಾಕೆ ಅಂತ ಹೇಳಲು ಆಗಲಿಲ್ಲ. ಅದು ನಿಮ್ಮದಲ್ವಾ ಅಂತ ಬಾಯಿಗೆ ಬಂದಿತ್ತು. ಹೇಳಿದ್ದರೆ ಅವಳನ್ನು ಅವಮಾನ ಮಾಡಿದಂತೆ ಆಗುತ್ತಿತ್ತೋ, ದೊಡ್ಡವಳನ್ನಾಗಿ ಮಾಡಿದಂತೆ ಆಗುತ್ತಿತ್ತೋ ಗೊತ್ತಿಲ್ಲ. ಸುಮ್ಮನಿದ್ದೆ.

"ಬೋರಮಳ ಬಿಡಿಸ್ಕೊಳ್ಳೋದು ಬ್ಯಾಡಾ ಹಂಗಾರ?" ಅಂದಳು. ಮೊದಲ ವಾರವೇ ಅವಳಿಗೆ ಎಲ್ಲ ಹೇಳಿಕೊಂಡಿದ್ದೆನಲ್ಲ.

ಲೆಕ್ಕ ಸರಳ. ಕೋರ್ಸಿನ ಫೀಸಿಗೆ ವರ್ಷಕ್ಕೆ 20 ಸಾವಿರದವರೆಗೆ. ಹಾಸ್ಟೆಲ್‌ನಲ್ಲಿ ಇರುವವರಿಗೆ ತಿಂಗಳಿಗೆ ಸಾವಿರದಂತೆ ಹತ್ತು ತಿಂಗಳು. ಒಟ್ಟು 30 ಸಾವಿರ. ಮನೆಯ ಆದಾಯ ವರ್ಷಕ್ಕೆ 2.5 ಲಕ್ಷ ದಾಟಬಾರದು. ನೂರರಲ್ಲಿ 30 ಭಾಗ ಹುಡುಗಿಯರಿಗೆ ಮೀಸಲು. ಎಲ್ಲ ನನಗೆ ಹೊಂದುತ್ತಿತ್ತು.

ಆದಾಯ ಪ್ರಮಾಣಪತ್ರಕ್ಕೆ ಅಪ್ಪನ ಜೊತೆ ತಲಾಠಿ ಹತ್ತಿರ ಹೋದೆ. ನಮ್ಮ ಕಡೆ ಗ್ರಾಮ ಲೆಕ್ಕಾಧಿಕಾರಿಗೆ ಇನ್ನೂ ತಲಾಠಿ ಅಂತಲೇ ಅನ್ನುವುದು. ಅವರು ಉತಾರ, ಅಂದರೆ ಹೊಲದ ಪಹಣಿ, ನೋಡಿದರು. ಆಮೇಲೆ ಪೆನ್ನು ಎತ್ತಿ ಅಪ್ಪನನ್ನು ಕೇಳಿದರು. "ಎಷ್ಟ ಬರೀಲಿ?"

ಇದೊಂದು ವಿಚಿತ್ರ ಪ್ರಶ್ನೆ. ರೈತನ ಆದಾಯ ಎಷ್ಟು ಅಂತ ರೈತನಿಗೂ ಗೊತ್ತಿರುವುದಿಲ್ಲ. ಕಬ್ಬಿನ ಬಿಲ್ಲು ಬಂದಿದ್ದರೆ ಒಂದು ಅಂಕಿ, ಬರದಿದ್ದರೆ ಇನ್ನೊಂದು. ಗೊಬ್ಬರ, ಕಟಾವಿನ ಖರ್ಚು, ಸೊಸೈಟಿ ಸಾಲ ಕಳೆದರೆ ಮತ್ತೊಂದು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ "ಖರೇ ಬರೀರಿ" ಅಂದ. ತಲಾಠಿ ನಕ್ಕರು. "ಖರೇ ಅಂದ್ರ ಎಷ್ಟ್ರೀ?"

ಕೊನೆಗೆ 90 ಸಾವಿರ ಅಂತ ಆಯಿತು. ಆ ವರ್ಷದ ಮಟ್ಟಿಗೆ ಅದು ಜಾಸ್ತಿಯೇ. ಒಳ್ಳೆಯ ವರ್ಷದ ಮಟ್ಟಿಗೆ ಕಡಿಮೆ.

ಆದಾಯಕ್ಕೆ ತಲಾಠಿ ಇದ್ದರು. ಧರ್ಮಕ್ಕೆ ನಾನೇ ಬರೆದು ಸಹಿ ಮಾಡಬೇಕಿತ್ತು. ನಾನು ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವಳು ಅಂತ. ಬರೆಯುವುದೇನು ದೊಡ್ಡ ಕೆಲಸವಲ್ಲ. ಆದರೆ ಸಹಿ ಮಾಡುವಾಗ, ಯಾರದೋ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತ ಹಾಗಾಯಿತು. ಅಳತೆ ಸರಿ ಇದೆ. ಆದರೂ ಜೇಬಿನಲ್ಲಿ ಬೇರೆಯವರ ಕರವಸ್ತ್ರ.

ಆಯಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದು ಅಂತ ಅಪ್ಪ, ಅವ್ವ ಮಾತಾಡಿಕೊಂಡಿದ್ದರು ಅಂತ ಕಾಣುತ್ತದೆ. ಅದಕ್ಕೆ ಕಾರಣ ಇತ್ತು. ಆಯಿಗೆ ಓದು ಬರೆಹ ಬರುತ್ತಿರಲಿಲ್ಲ, ಆದರೆ ಕಥೆ ಬರುತ್ತಿತ್ತು. ಅವಳು ಜಾಸ್ತಿ ಹೇಳುತ್ತಿದ್ದದ್ದು ಅತ್ತಿಮಬ್ಬೆಯ ಕಥೆ. ಸಾವಿರ ವರ್ಷದ ಹಿಂದೆ, ಪೊನ್ನನ ಕಾವ್ಯ ಹಾಳಾಗಿ ಹೋಗಬಾರದು ಅಂತ ಓಲೆಗರಿಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದ ಹೆಂಗಸು. ಅವಳಿಗೆ ದಾನಚಿಂತಾಮಣಿ ಅಂತಲೇ ಬಿರುದು. ನಮ್ಮಲ್ಲಿ ನಾಲ್ಕು ದಾನ ಹೇಳುತ್ತಾರೆ. ಆಹಾರ, ಅಭಯ, ಔಷಧ, ಶಾಸ್ತ್ರ. ಶಾಸ್ತ್ರದಾನ ಅಂದರೆ ಓದುವವರಿಗೆ ಪುಸ್ತಕ ಕೊಡುವುದು, ವಿದ್ಯೆ ಕೊಡುವುದು. "ಕೊಡೋ ಕೈ ನಮ್ದು" ಅನ್ನುತ್ತಿದ್ದಳು ಆಯಿ. ಕೊಡಲು ನಮ್ಮ ಹತ್ತಿರ ಏನಿತ್ತು ಅಂತ ನಾನು ಕೇಳುತ್ತಿರಲಿಲ್ಲ. ಬಸ್ತಿಯ ಪೂಜೆಗೆ ಅಕ್ಕಿ, ಸುಗ್ಗಿಯಲ್ಲಿ ಬಂದವರಿಗೆ ಒಂದು ಮೊರ ಜೋಳ. ಅಷ್ಟರಲ್ಲೇ ಅವಳ ಕೈ ದೊಡ್ಡದು.

ಕೊಡುವವರ ಕಥೆ ಎಲ್ಲರೂ ಹೇಳುತ್ತಾರೆ. ಅತ್ತಿಮಬ್ಬೆಯಿಂದ ಪ್ರತಿ ತಗೊಂಡ ಸಾವಿರ ಜನರ ಕಥೆ ಯಾರೂ ಹೇಳುವುದಿಲ್ಲ. ಅವರು ಹೇಗೆ ಕೈ ಚಾಚಿದರು? ಮನೆಗೆ ಹೋಗಿ ಏನಂತ ಹೇಳಿಕೊಂಡರು? ಇದು ಆಗ ಹೊಳೆದ ಮಾತಲ್ಲ, ಈಗ ಬರೆಯುವಾಗ ಹೊಳೆದದ್ದು.

ಮೊದಲ ವರ್ಷದ ದುಡ್ಡು ಬಂದದ್ದು ವರ್ಷ ಮುಗಿಯುವ ಹೊತ್ತಿಗೆ. ಫೀಸು ತುಂಬಿ ಹತ್ತು ತಿಂಗಳಾಗಿತ್ತು. ಬ್ಯಾಂಕಿನಲ್ಲಿ ಪಾಸ್‌ಬುಕ್ ಪ್ರಿಂಟ್ ಮಾಡಿಸಿದಾಗ 30 ಸಾವಿರ ಕಂಡಿತು. ಆ ಕ್ಷಣದಲ್ಲಿ ನನಗೆ ಯಾವ ಗೊಂದಲವೂ ಆಗಲಿಲ್ಲ. ಇದನ್ನು ಮುಚ್ಚಿಡುವುದು ಬೇಡ. ಬರೀ ಖುಷಿ ಆಯಿತು, ಕಾಲು ನಡುಗುವಷ್ಟು. ಬ್ಯಾಂಕಿನ ಹೊರಗೇ ನಿಂತು ಅವ್ವನಿಗೆ ಫೋನ್ ಮಾಡಿದೆ. ಅವ್ವ ಅತ್ತಳು. ಆ ವಾರವೇ ಬೋರಮಳ ಮನೆಗೆ ಬಂತು.

ಅದೇ ವಾರ ರೂಮ್‌ಮೇಟ್‌ಗೆ ಗೊತ್ತಾಯಿತು, ಅವಳ ಅರ್ಜಿ ತಿರಸ್ಕಾರ ಆಗಿದೆ ಅಂತ. ಬ್ಯಾಂಕಿನಲ್ಲಿ ಹೆಸರು ಒಂದು ತರಹ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ತರಹ. ಒಂದೇ ಒಂದು ಅಕ್ಷರ. ಏಳನೇ ಕ್ಲಾಸಿನಿಂದ ಫೈಲು ಕಾಪಾಡಿಕೊಂಡು ಬಂದವಳಿಗೆ ಬರಲಿಲ್ಲ. ಅವಳಿಂದ ಕಲಿತು ಮೊದಲ ಸಲ ಅರ್ಜಿ ಹಾಕಿದ ನನಗೆ ಬಂತು.

ಆ ರಾತ್ರಿ ಅವಳೇ ನನಗೆ ಪೇಢೆ ತಂದುಕೊಟ್ಟಳು. ನನಗೆ ಆಯಿಯ ಪ್ರಶ್ನೆ ನೆನಪಾಯಿತು. ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ. ಇಳಿಯಿತು. ಆಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ, ಅದು ನಿಜ.

ಅವಳಿಗೆ ಮರುವರ್ಷದಿಂದ ಬಂತು. ಹೆಸರು ಸರಿ ಮಾಡಿಸಲು ನಾವಿಬ್ಬರೂ ಎಷ್ಟು ಸಲ ಓಡಾಡಿದೆವೋ ಲೆಕ್ಕವಿಲ್ಲ. ನಾನು ಓಡಾಡಿದ್ದರಲ್ಲಿ ಸ್ನೇಹ ಎಷ್ಟು, ತಪ್ಪು ಕಾಣಿಕೆ ಎಷ್ಟು ಅಂತ ಈಗಲೂ ಬಿಡಿಸಿ ಹೇಳಲಾರೆ.

ಎರಡನೇ ವರ್ಷದಲ್ಲಿ ಮೆಸ್ಸಿನ ಟೇಬಲ್ಲಿಗೆ ಈ ವಿಷಯ ಬಂತು. ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದ ಒಬ್ಬ ಹುಡುಗಿ ಬ್ರಾಹ್ಮಣರವಳು. ಅಪ್ಪ ಒಂದು ಹಳ್ಳಿಯ ಗುಡಿಯಲ್ಲಿ ಅರ್ಚಕರು. ನನಗಿಂತ ಅಂಕ ಜಾಸ್ತಿ. ಮನೆಯ ಪರಿಸ್ಥಿತಿ ನನಗಿಂತ ಕಷ್ಟ. ಮೇಲ್ವರ್ಗದ ಬಡವರಿಗೆ ಮೀಸಲಾತಿ ಕೊಟ್ಟ ತಿದ್ದುಪಡಿ ಬಂದದ್ದು 2019ರಲ್ಲಿ. ನಮ್ಮ ಕಾಲಕ್ಕೆ ಅವಳಿಗೆ ಯಾವ ಸಾಲಿನಲ್ಲೂ ಜಾಗ ಸಿಗಲಿಲ್ಲ. ಒಂದಿನ ನಗುತ್ತಲೇ ಅಂದಳು. "ನಿಂಗೇನು ಬಿಡು, ಹುಟ್ಟಿದ್ದಕ್ಕೆ ದುಡ್ಡು ಕೊಡ್ತಾರ."

ನಾನೂ ನಕ್ಕೆ. ರೂಮ್‌ಮೇಟ್ ನಗಲಿಲ್ಲ. ತಟ್ಟೆ ಎತ್ತಿಕೊಂಡು ಹೋದಳು.

ಆ ಮಾತು ನನಗೆ ಹೇಳಿದ್ದು. ತಾಗಿದ್ದು ಅವಳಿಗೆ. ಯಾಕೆ ಅಂತ ಅರ್ಥ ಆಗಲು ನನಗೆ ಇನ್ನೊಂದು ವರ್ಷ ಬೇಕಾಯಿತು. ಹುಟ್ಟಿದ್ದಕ್ಕೆ ನನ್ನಿಂದ ಯಾರೂ ಏನೂ ಕಿತ್ತುಕೊಂಡಿರಲಿಲ್ಲ. ಬೆಳಗಾವಿಯಲ್ಲಿ ಪೇಯಿಂಗ್ ಗೆಸ್ಟ್ ಹುಡುಕುವಾಗ ನನ್ನ ಹೆಸರು ಕೇಳಿದ ಮನೆಯವರು "ಒಳಗ ಬಾ" ಅಂದಿದ್ದರು. ಅವಳ ಹೆಸರು ಕೇಳಿದವರು ರೂಮು ಆಗಲೇ ಹೋಯಿತು ಅಂದಿದ್ದರು. ಅದೇ ಮನೆ, ಅದೇ ಸಂಜೆ. ಅದಕ್ಕೇ ನಾವಿಬ್ಬರೂ ಹಾಸ್ಟೆಲ್ ಹಿಡಿದದ್ದು.

ಇನ್ನೊಬ್ಬನಿದ್ದ, ನಮ್ಮ ಬ್ಯಾಚಿನವನೇ, ಜೈನನೇ. ಮನೆಯಲ್ಲಿ ಎರಡು ಅಂಗಡಿ. ಬುಲೆಟ್ ಮೇಲೆ ಕಾಲೇಜಿಗೆ ಬರುತ್ತಿದ್ದ. ಅವನ ಆದಾಯ ಪ್ರಮಾಣಪತ್ರದಲ್ಲಿ 1.2 ಲಕ್ಷ ಅಂತ ಇತ್ತು. "ನಾವು ತಗೊಳ್ಳಲಿಲ್ಲ ಅಂದ್ರ ಸುಮ್ನೆ ಲ್ಯಾಪ್ಸ್ ಆಗ್ತೈತಿ" ಅಂತ ನನಗೇ ಬುದ್ಧಿ ಹೇಳಿದ. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವನ ಜೊತೆ ಒಂದು ಸೆಮಿಸ್ಟರ್ ಮಾತಾಡಲಿಲ್ಲ. ಆಮೇಲೆ ಒಂದಿನ ನಮ್ಮ ತಲಾಠಿಯ "ಎಷ್ಟ ಬರೀಲಿ" ನೆನಪಾಯಿತು. ಅವನ ಸುಳ್ಳಿಗೂ ನಮ್ಮ ಅಂದಾಜಿಗೂ ಬಹಳ ವ್ಯತ್ಯಾಸ ಇದೆ. ಆದರೆ ಕಾಗದ ಒಂದೇ ತರಹದ್ದು, ಸೀಲೂ ಒಂದೇ ತರಹದ್ದು.

ಜೈನ ಗೃಹಸ್ಥರು ಪಾಲಿಸಬೇಕಾದ ಅಣುವ್ರತಗಳಲ್ಲಿ ಅಚೌರ್ಯ ಅಂತ ಒಂದಿದೆ. ಚಿಕ್ಕವಳಿದ್ದಾಗ ಅದನ್ನು ಕದಿಯಬಾರದು ಅಂತ ಕಲಿಸಿದ್ದರು. ದೊಡ್ಡವಳಾದ ಮೇಲೆ ಗೊತ್ತಾಯಿತು, ಅದರ ಅರ್ಥ ಇನ್ನೂ ಸೂಕ್ಷ್ಮ. ಕೊಡದೆ ಇದ್ದದ್ದನ್ನು ತಗೊಳ್ಳಬಾರದು. ನಾನು ತಗೊಂಡದ್ದು ಕೊಟ್ಟದ್ದೇ. ನಿಯಮದ ಪ್ರಕಾರ, ಸೀಲು ಹಾಕಿ, ನನ್ನ ಖಾತೆಗೆ. ಹಾಗಾಗಿ ಕಳವಲ್ಲ. ಇಷ್ಟು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಯಾರಿಗೆ ಕೊಡಬೇಕು ಅಂತ ಶುರು ಮಾಡಿದ್ದು ಇದು?

ಮೂರನೇ ವರ್ಷದಲ್ಲಿ ಸಾಚಾರ್ ಸಮಿತಿಯ ವರದಿಯನ್ನು ಇಂಟರ್ನೆಟ್‌ನಲ್ಲಿ ತೆಗೆದು ಓದಿದೆ. ಪೂರ್ತಿ ಅಲ್ಲ, ಓದಿನ ಅಧ್ಯಾಯ ಮತ್ತು ಕೆಲಸದ ಅಧ್ಯಾಯ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ಸಮಿತಿ. 2005ರಲ್ಲಿ ನೇಮಕ ಆದದ್ದು, 2006ರ ನವೆಂಬರಿನಲ್ಲಿ ವರದಿ ಸಂಸತ್ತಿಗೆ ಬಂತು. ದೇಶದ ಮುಸ್ಲಿಮರ ಸ್ಥಿತಿ ಹೇಗಿದೆ ಅಂತ ನೋಡುವುದು ಅದರ ಕೆಲಸ. ಐಎಎಸ್‌ನಲ್ಲಿ ಮುಸ್ಲಿಮರು ನೂರಕ್ಕೆ 3. ದೊಡ್ಡ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ಜನಕ್ಕೆ ಒಬ್ಬರು. 6ರಿಂದ 14 ವರ್ಷದ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಮಗು ಶಾಲೆಗೆ ಹೋಗಿಯೇ ಇಲ್ಲ, ಇಲ್ಲವೇ ನಡುವೆ ಬಿಟ್ಟಿದೆ. ಈ ಸ್ಕಾಲರ್‌ಶಿಪ್‌ಗಳೆಲ್ಲ ಬಂದದ್ದು ಅದೇ ಹೊತ್ತಿನಲ್ಲಿ.

ಅದರ ಪಕ್ಕದಲ್ಲೇ ಜನಗಣತಿಯ ಅಂಕಿ ಇಟ್ಟುಕೊಂಡೆ. 2001ರಲ್ಲಿ ದೇಶದ ಸಾಕ್ಷರತೆ ಶೇ. 64.8. ಮುಸ್ಲಿಮರದ್ದು ಶೇ. 59.1. ಜೈನರದ್ದು ಶೇ. 94.1. ದೇಶದಲ್ಲೇ ಎಲ್ಲರಿಗಿಂತ ಜಾಸ್ತಿ.

ನೂರರಲ್ಲಿ ಉಳಿದ ಆ ಆರು ಜನರಲ್ಲಿ ನಮ್ಮ ಆಯಿ ಒಬ್ಬಳು. ಇದನ್ನು ಯೋಚಿಸಿ ನಗು ಬಂತು, ಸಂಕಟವೂ ಆಯಿತು. ಮುಂಬಯಿಯ ವಜ್ರದ ವ್ಯಾಪಾರಿಗೂ ಅಥಣಿಯ ಕಬ್ಬಿನ ರೈತನಿಗೂ ಒಂದೇ ಕಾಲಂ. ಸರಾಸರಿ ತೆಗೆದರೆ ನಾವು ಶ್ರೀಮಂತರು, ಓದಿದವರು. ಮನೆಗೆ ಬಂದರೆ ಆಯಿ ಹೆಬ್ಬೆಟ್ಟು ಒತ್ತುತ್ತಾಳೆ. ನನ್ನ ಹತ್ತಿರ ಅಂಕಿಯೂ ಇದೆ, ಹೆಬ್ಬೆಟ್ಟೂ ಇದೆ. ಯಾವುದನ್ನು ಮುಂದೆ ಇಡಲಿ?

ಒಂದು ವಿಷಯ ಮಾತ್ರ ಸ್ವಲ್ಪ ಹಗುರ ಮಾಡಿತು. ಈ ಸ್ಕಾಲರ್‌ಶಿಪ್‌ಗಳನ್ನು ರಾಜ್ಯವಾರು, ಸಮುದಾಯವಾರು ಜನಸಂಖ್ಯೆ ನೋಡಿ ಹಂಚುತ್ತಿದ್ದರು. ಕರ್ನಾಟಕದ ಜೈನರಿಗೆ ಇಷ್ಟು, ಮುಸ್ಲಿಮರಿಗೆ ಇಷ್ಟು ಅಂತ. ಅಂದರೆ ನನ್ನ 30 ಸಾವಿರ ರೂಮ್‌ಮೇಟ್ ತಟ್ಟೆಯಿಂದ ಬಂದದ್ದಲ್ಲ. ಓಡಿ ಹೋಗಿ ಅವಳಿಗೆ ಹೇಳಿದೆ.

ಅವಳು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ನಾ ಯಾವಾಗ ಅಂದೆ ನಂದು ತಗೊಂಡಿ ಅಂತ?" ಅಂದಳು.

"ಅಂದಿಲ್ಲ. ನಂಗ ಅನಿಸ್ತಿತ್ತು."

"ಮೂರ್ ವರ್ಷ ಅದನ್ನ ತಲಿಯಾಗ ಇಟ್ಕೊಂಡು ನನ್ನ ಜೋಡಿ ಊಟ ಮಾಡಿದಿ?" ಅವಳಿಗೆ ನಿಜಕ್ಕೂ ಬೇಜಾರಾಗಿತ್ತು. "ನಿಂಗ ಅವಶ್ಯ ಇತ್ತು. ಕೊಟ್ರು. ತಗೊಂಡಿ. ನನ್ನ ಮಾರಿ ನೋಡಿ ಪಾಪ ಅನ್ಕೋಬ್ಯಾಡ."

ನನ್ನ ಗೊಂದಲವನ್ನು ನಾನು ಒಳ್ಳೆಯತನ ಅಂದುಕೊಂಡಿದ್ದೆ. ಅವಳಿಗೆ ಅದು ಕನಿಕರದ ಹಾಗೆ ಕಂಡಿತ್ತು. ಯೋಚಿಸಿದರೆ ಅವಳು ಹೇಳಿದ್ದು ಸರಿ. ಆ ಸ್ಕಾಲರ್‌ಶಿಪ್ ಅವಳದ್ದು, ನನ್ನದಲ್ಲ ಅಂತ ನಾನು ಅಂದುಕೊಳ್ಳುತ್ತಿದ್ದಾಗೆಲ್ಲ, ಬಡತನ ಅವಳಿಗೆ ಸಹಜ, ನನಗೆ ಅಚಾನಕ್ ಬಂದ ಅತಿಥಿ ಅಂತಲೂ ಅಂದುಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಅಪ್ಪ ಮೆರಿಟ್ ಅಂತ ಹೆಸರಿಟ್ಟದ್ದೂ ಅದಕ್ಕೇ. ಕಡಿಮೆ ಇರುವುದು, ಕೈ ಚಾಚುವುದು ಇವೆಲ್ಲ ಬೇರೆಯವರ ಕೆಲಸ ಅಂತ.

ಕೊನೆಯ ವರ್ಷ, 2018ರ ಮಾರ್ಚ್‌ನಲ್ಲಿ, ರಾಜ್ಯ ಸರ್ಕಾರ ಲಿಂಗಾಯತರಿಗೆ ಪ್ರತ್ಯೇಕ ಧರ್ಮದ, ಅಲ್ಪಸಂಖ್ಯಾತರ ಸ್ಥಾನ ಕೊಡಬೇಕು ಅಂತ ಕೇಂದ್ರಕ್ಕೆ ಶಿಫಾರಸು ಮಾಡಿತು. ಹಾಸ್ಟೆಲ್‌ನಲ್ಲಿ ಅರ್ಧ ಹುಡುಗಿಯರು ಲಿಂಗಾಯತರೇ. ನಾಲ್ಕು ದಿನ ಅದೇ ಮಾತು. ಒಬ್ಬಳು ನನ್ನ ಹತ್ತಿರ ಬಂದು, ಅಲ್ಪಸಂಖ್ಯಾತರಾದ ಮೇಲೆ ನಿಮಗೆ ಹೇಗೆ ಅನಿಸಿತು ಅಂತ ಕೇಳಿದಳು, ಮದುವೆಯಾದ ಗೆಳತಿಯನ್ನು ಕೇಳುವ ಹಾಗೆ. "ಪೇಢೆ ಹಂಚಿದ್ರು" ಅಂದೆ. ಕೇಂದ್ರ ಅದನ್ನು ಒಪ್ಪಲಿಲ್ಲ, ಅಲ್ಲಿಗೆ ಅದು ಮುಗಿಯಿತು.

ನನ್ನ ಓದೂ ಮುಗಿಯಿತು. ಒಟ್ಟು ಮೂರು ವರ್ಷ ಬಂತು, 90 ಸಾವಿರ. ನಾಲ್ಕನೇ ವರ್ಷದ್ದು ಯಾಕೋ ಬರಲೇ ಇಲ್ಲ. ವಿಚಾರಿಸಲು ಹೋಗಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ರೂಮ್‌ಮೇಟ್ ಈಗ ಪುಣೆಯಲ್ಲಿದ್ದಾಳೆ. ಅವಳ ತಾಯಿ ಬೀಡಿ ಕಟ್ಟುವುದನ್ನು ಬಿಟ್ಟಿದ್ದಾರೆ. ಆದರೆ ಸುಮ್ಮನೆ ಕೂತಾಗ ಬೆರಳು ಇನ್ನೂ ಸುತ್ತುತ್ತಿರುತ್ತವಂತೆ.

ಆ ಸ್ಕಾಲರ್‌ಶಿಪ್ ಕೂಡ ಹೆಚ್ಚು ದಿನ ಉಳಿಯಲಿಲ್ಲ. 2022ರಲ್ಲಿ ಮೆಟ್ರಿಕ್ ಪೂರ್ವ ಸ್ಕಾಲರ್‌ಶಿಪ್ 9 ಮತ್ತು 10ನೇ ತರಗತಿಗೆ ಮಾತ್ರ ಅಂತ ಆಯಿತು. ಅದೇ ಡಿಸೆಂಬರಿನಲ್ಲಿ ಪಿಎಚ್‌ಡಿ ಮಾಡುವವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಂತ ಸುದ್ದಿ ಬಂತು. ನಾನು ತಗೊಂಡ ಮೆರಿಟ್ ಕಮ್ ಮೀನ್ಸ್‌ಗೆ 2022–23ರ ಬಜೆಟ್‌ನಲ್ಲಿ 365 ಕೋಟಿ ಇತ್ತು, ಮರುವರ್ಷ 44 ಕೋಟಿ. ಹೊಸಬರಿಗೆ ಬಾಗಿಲು ಮುಚ್ಚಿತು. 2023ರಲ್ಲಿ ಇನ್ನೊಂದು ಸುದ್ದಿ. ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್‌ಗೆ ಸೇರಿದ 1,572 ಸಂಸ್ಥೆಗಳನ್ನು ಪರಿಶೀಲಿಸಿದರೆ 830ರಲ್ಲಿ ಮೋಸ ಕಂಡಿದೆ, ನಷ್ಟ 144 ಕೋಟಿ ದಾಟಿದೆ, ಪ್ರಕರಣ ಸಿಬಿಐಗೆ ಹೋಗಿದೆ ಅಂತ. ಬುಲೆಟ್ ಹುಡುಗನ ಮುಖ ಕಣ್ಣ ಮುಂದೆ ಬಂತು. ಅವನು ಈ ಲೆಕ್ಕಕ್ಕೆ ಸೇರುವಷ್ಟು ದೊಡ್ಡವನಲ್ಲ, ಪಾಪ.

ಹೋದ ವರ್ಷ ಜೂನ್‌ನಲ್ಲಿ ಊರಿಗೆ ಹೋಗಿದ್ದೆ. ಸಂಜೆ ಪಕ್ಕದ ಹೊಲದ ಕಾಕಾ ಬಂದರು. ಕಬ್ಬಿನ ಬಾಕಿಯಲ್ಲಿ ನಮ್ಮ ಜೊತೆಗೇ ಸಿಕ್ಕಿಬಿದ್ದಿದ್ದರಲ್ಲ, ಅವರೇ. ಮಗಳು ಸಿಇಟಿ ಬರೆದಿದ್ದಾಳೆ. ರ‍್ಯಾಂಕ್ ಚೆನ್ನಾಗಿದೆ. ಬೆಳಗಾವಿಯಲ್ಲೇ ಸೀಟು ಸಿಗಬಹುದು. ಫೀಸಿನ ಚಿಂತೆ.

"ತಂಗಿ, ನಿಂಗ ಬಂದಿತ್ತಲ್ಲ, ಆ ಮೆರಿಟ್ ಸ್ಕಾಲರ್‌ಶಿಪ್ಪು. ಅದಕ್ಕ ಹೆಂಗ ಅರ್ಜಿ ಹಾಕೋದು ಹೇಳಿಕೊಡು."

"ಅದು ಈಗ ಬಂದ್ ಆಗೇತಿ ಕಾಕಾ" ಅಂದೆ. ವಿದ್ಯಾಸಿರಿ ಇದೆ, ಹಿಂದುಳಿದ ವರ್ಗದ ಫೀಸು ವಾಪಸಾತಿ ಇದೆ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನೋಡೋಣ ಅಂದೆ. ನನ್ನ ಮೊಬೈಲ್ ತೆಗೆದೆ.

ಕಾಕಾ ಕೇಳಿಸಿಕೊಳ್ಳಲಿಲ್ಲ. "ಬಂದ್ ಹೆಂಗ ಆಗ್ತೈತಿ? ಮಾರ್ಕ್ಸಿನ ಮ್ಯಾಲ ಕೊಡೋದಲ್ಲೇನ ಅದು? ನಮ್ಮ ಹುಡುಗಿಗೆ ನಿನ್ನಕಿಂತ ಜಾಸ್ತಿ ಬಿದ್ದಾವ. ನಿಂಗ 84 ಇತ್ತು, ನಮ್ಮಕಿದು 91 ಐತಿ."

ಹತ್ತು ವರ್ಷದ ಹಿಂದಿನ ನನ್ನ ಅಂಕ ಅವರಿಗೆ ನೆನಪಿತ್ತು. ಅಪ್ಪ ಅಷ್ಟು ಸಲ ಹೇಳಿರಬೇಕು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಡಿಕೆ ಕತ್ತರಿಸುತ್ತಿದ್ದ. ಕತ್ತರಿ ನಿಂತಿತು. ಆಯಿ ಈಗಿಲ್ಲ, ತೀರಿಕೊಂಡು ನಾಲ್ಕು ವರ್ಷವಾಯಿತು. ಆದರೂ ಅಪ್ಪ ಒಮ್ಮೆ ಒಳಗಿನ ಕೋಣೆಯ ಕಡೆ ನೋಡಿದ.

"ಅದು ಮಾರ್ಕ್ಸಿಂದಲ್ಲೋ ಮಾರಾಯಾ" ಅಂದ ಕೊನೆಗೆ. "ಜೈನರಂತ ಕೊಟ್ಟಿದ್ರು. ಮತ್ತ ಆ ವರ್ಷ ನಮ್ಮ ಕಡೆ ರೊಕ್ಕ ಇರಲಿಲ್ಲ. ನಿನ್ನಂಗ."

ಕಾಕಾ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಮತ್ತ ಇಷ್ಟ ದಿನ ಮೆರಿಟ್ ಅಂತಿದ್ದಿ?" ಅಂದರು.

"ಅಂತಿದ್ದೆ" ಅಂದ ಅಪ್ಪ.

ಅವ್ವ ಚಹಾ ತಂದಿಟ್ಟಳು. ಕಾಕಾ ಬಸಿಯಲ್ಲಿ ಸುರುವಿಕೊಂಡು ಕುಡಿದರು. ಕುಡಿದಾದ ಮೇಲೆ, ಮಗಳ ಮಾರ್ಕ್ಸ್ ಕಾರ್ಡಿನ ಝೆರಾಕ್ಸನ್ನು ಅಂಗಿಯ ಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ನನ್ನ ಮುಂದೆ ಇಟ್ಟರು. "ಆತು, ಆ ಪೋರ್ಟಲ್ ಅಂದೆಲ್ಲ, ಅದನ್ನರ ತೆಗಿ."